ಹೊಟ್ಟೆಯ ಸೋಂಕು, ಉಸಿರಿನ ಸುಳಿವು, ಹೂಡಿಕೆದಾರರ ಲೆಕ್ಕ

ಹೊಟ್ಟೆಯುರಿ, ಹುಳಿತೇಗು, ಬರಿಹೊಟ್ಟೆಯಲ್ಲಿ ಕಾಣಿಸಿಕೊಳ್ಳುವ ಸಂಕಟ - ಇವನ್ನು ಒಮ್ಮೆಯೂ ಅನುಭವಿಸದವರು ವಿರಳ. ಕಾರಣ ಹುಡುಕಲು ವೈದ್ಯರು ಇಂದು ನಿಮಗೆ ಒಂದು ವಿಚಿತ್ರ ಪರೀಕ್ಷೆಯನ್ನು ಸೂಚಿಸಬಹುದು. ಖಾಲಿ ಹೊಟ್ಟೆಯಲ್ಲಿ ನೀವು ಒಂದು ಚೀಲದೊಳಕ್ಕೆ ಊದಬೇಕು. ಬಳಿಕ ಯೂರಿಯ ಕರಗಿಸಿದ ಒಂದು ಲೋಟ ಪಾನೀಯವನ್ನು ಕುಡಿಯಬೇಕು. ಹದಿನೈದರಿಂದ ಮೂವತ್ತು ನಿಮಿಷ ಕಾದು ಎರಡನೆಯ ಚೀಲಕ್ಕೆ ಊದಬೇಕು. ಎರಡು ಉಸಿರುಗಳ ನಡುವಿನ ವ್ಯತ್ಯಾಸವನ್ನು ಅಳೆದು, ನಿಮ್ಮ ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ ಇದೆಯೇ ಇಲ್ಲವೇ ಎಂಬುದನ್ನು ಯಂತ್ರ ಹೇಳುತ್ತದೆ. ಸೂಜಿಯಿಲ್ಲ, ಗಂಟಲೊಳಗೆ ಇಳಿಸುವ ನಳಿಕೆಯಿಲ್ಲ, ನೋವೂ ಇಲ್ಲ.

ಈ ಬಗೆಯ ಪರೀಕ್ಷೆಗಳ ಹಿಂದೆ ಎಷ್ಟು ಹಣ ಓಡಾಡುತ್ತಿದೆ ಗೊತ್ತೇ? ಅಮೆರಿಕದ ಸಿನ್ಸಿನಾಟಿ ನಗರದ ಮೆರಿಡಿಯನ್ ಬಯೋಸೈನ್ಸ್ ಎಂಬ ಕಂಪನಿ ಹೊಟ್ಟೆ ಮತ್ತು ಕರುಳಿನ ಸೋಂಕುಗಳನ್ನು ಪತ್ತೆ ಮಾಡುವ ಪರೀಕ್ಷೆಗಳಿಗೆ ಹೆಸರಾದುದು. 2023ರ ಜನವರಿಯಲ್ಲಿ ದಕ್ಷಿಣ ಕೊರಿಯದ ಎಸ್‌ಡಿ ಬಯೋಸೆನ್ಸರ್ ಹಾಗೂ ಅದರ ಜೊತೆಗಾರ ಹೂಡಿಕೆ ಸಂಸ್ಥೆ ಎಸ್‌ಜೆಎಲ್ ಪಾರ್ಟ್‌ನರ್ಸ್ ಸೇರಿ ಈ ಕಂಪನಿಯನ್ನು ಸುಮಾರು 153 ಕೋಟಿ ಡಾಲರುಗಳಿಗೆ ಕೊಂಡವು. ಎಸ್‌ಡಿ ಬಯೋಸೆನ್ಸರ್ ಕೋವಿಡ್ ಕಾಲದಲ್ಲಿ ಶೀಘ್ರ ಪರೀಕ್ಷಾ ಪಟ್ಟಿಗಳನ್ನು ಮಾರಿ ಬೆಳೆದ ಸಂಸ್ಥೆ. ಸಾಂಕ್ರಾಮಿಕ ಇಳಿದ ಮೇಲೂ ನಿಲ್ಲದ ವ್ಯಾಪಾರವೊಂದು ಅದಕ್ಕೆ ಬೇಕಿತ್ತು.

ಆದರೆ ಈ ಪರೀಕ್ಷೆಯ ಮೂಲತತ್ವ ಹೊಸದಲ್ಲ. ಅದರ ಬಹುಪಾಲು 1950ರ ದಶಕದಲ್ಲಿಯೇ ತಿಳಿದಿತ್ತು. ಹಾಗಾದರೆ ಹೂಡಿಕೆದಾರರು ಇಷ್ಟು ಕಾಲ ಎಲ್ಲಿದ್ದರು? ಕೊನೆಗೆ ಬಂದಾಗ ಯಾವ ಪರೀಕ್ಷೆಯನ್ನು ಮೊದಲು ಆರಿಸಿಕೊಂಡರು? ಇದರ ಉತ್ತರ ವಿಜ್ಞಾನದ ಚರಿತ್ರೆಯಲ್ಲಿ ಅರ್ಧ, ಹಣದ ಚರಿತ್ರೆಯಲ್ಲಿ ಅರ್ಧ ಅಡಗಿದೆ. ಎರಡನ್ನೂ ಜೊತೆಯಾಗಿ ನೋಡೋಣ.

ಮರೆತುಹೋದ ಕಿಣ್ವ

ಯೂರಿಯ ನಮಗೆ ಗೊಬ್ಬರವಾಗಿ ಚಿರಪರಿಚಿತ. ನಮ್ಮ ದೇಹದಲ್ಲಿಯೂ ಅದು ಸದಾ ತಯಾರಾಗುತ್ತದೆ, ಮೂತ್ರದಲ್ಲಿ ಹೊರಹೋಗುತ್ತದೆ. ಯೂರಿಯೇಸ್ ಎಂಬ ಕಿಣ್ವ ಯೂರಿಯವನ್ನು ನೀರಿನ ನೆರವಿನಿಂದ ಒಡೆಯುತ್ತದೆ. ಒಂದು ಯೂರಿಯ ಅಣುವಿನಿಂದ ಎರಡು ಅಮೋನಿಯ ಅಣುಗಳೂ ಒಂದು ಕಾರ್ಬನ್ ಡೈಆಕ್ಸೈಡ್ ಅಣುವೂ ಹೊರಬರುತ್ತವೆ. ಈ ಸಮೀಕರಣವನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಕತೆಯ ಮುಖ್ಯ ಪರೀಕ್ಷೆಗಳು ಇದರ ಎರಡು ಉತ್ಪನ್ನಗಳ ಸುತ್ತಲೇ ತಿರುಗುತ್ತವೆ.

ಜಠರದ ಒಳಪೊರೆಯಲ್ಲಿ ಯೂರಿಯೇಸ್ ಇದೆಯೆಂದು 1924ರಲ್ಲಿ ಮರ‍್ರೆ ಲಕ್ ಮತ್ತು ಟಿ.ಎನ್. ಸೇಠ್ ವರದಿ ಮಾಡಿದರು. ಎರಡೇ ವರ್ಷಗಳಲ್ಲಿ, 1926ರಲ್ಲಿ, ಅಮೆರಿಕದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಯೂರಿಯೇಸನ್ನು ಸ್ಫಟಿಕ ರೂಪದಲ್ಲಿ ಬೇರ್ಪಡಿಸಿದ. ಸ್ಫಟಿಕವಾಗಿ ದೊರೆತ ಮೊಟ್ಟಮೊದಲ ಕಿಣ್ವ ಇದೇ. ಅದಕ್ಕಾಗಿ ಸಮ್ನರ್‌ಗೆ 1946ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಆದರೆ ಜಠರದಲ್ಲಿ ಈ ಕಿಣ್ವವನ್ನು ಮಾಡುವವರು ಯಾರು? ಸ್ತನಿಗಳ ಜೀವಕೋಶವೇ ಮಾಡುತ್ತದೆ ಎಂಬುದು ಅಂದಿನ ಬಹುಜನರ ನಂಬಿಕೆ. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾನ್ಸ್ ಕಾರ್ನ್‌ಬರ್ಗ್ ಎಂಬ ತರುಣ ಸಂಶೋಧಕ ಬೆಕ್ಕುಗಳಿಗೆ ಕಾರ್ಬನ್-14 ಸೇರಿಸಿದ ಯೂರಿಯವನ್ನು ಕೊಟ್ಟು, ಅವುಗಳ ಉಸಿರಿನಲ್ಲಿ ವಿಕಿರಣಪಟು ಕಾರ್ಬನ್ ಡೈಆಕ್ಸೈಡ್ ಬರುವುದನ್ನು ಗುರುತಿಸಿದ. ಆ್ಯಂಟಿಬಯೋಟಿಕ್ ಕೊಟ್ಟ ಬೆಕ್ಕುಗಳಲ್ಲಿ ಈ ಚಟುವಟಿಕೆ ನಿಂತುಹೋಯಿತು. ಅಂದರೆ ಕಿಣ್ವದ ಒಡೆಯ ಬೆಕ್ಕಲ್ಲ, ಅದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯ!

ಇಂದಿನ ಉಸಿರು ಪರೀಕ್ಷೆ ಇದೇ ಪ್ರಯೋಗದ ಮನುಷ್ಯರೂಪ. ಆದರೂ ಆಗ ಯಾರೂ ಅದನ್ನು ಹುಣ್ಣಿನ ರೋಗಕ್ಕೆ ಜೋಡಿಸಲಿಲ್ಲ. ಜಠರದ ಆಮ್ಲದಲ್ಲಿ ಜೀವಿಗಳು ನೆಲೆಸಲಾರವು ಎಂಬುದು ಪಾಠಪುಸ್ತಕದ ಮಾತಾಗಿತ್ತು. 1954ರಲ್ಲಿ ಅಮೆರಿಕದ ಎಡ್ಡಿ ಪಾಮರ್ 1,180 ರೋಗಿಗಳ ಜಠರದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಲ್ಲಿ ಬ್ಯಾಕ್ಟೀರಿಯ ನೆಲೆಸಿಲ್ಲವೆಂದು ತೀರ್ಮಾನಿಸಿದ್ದ. ಆತ ಬಳಸಿದ ಸಾಮಾನ್ಯ ವರ್ಣಕದಲ್ಲಿ ಅವು ಕಣ್ಣಿಗೆ ಬೀಳುವುದು ಕಷ್ಟ. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಆ ಕಾಲ ಗಮನಿಸಲಿಲ್ಲ.

ಪರ್ತ್ ನಗರದ ಇಬ್ಬರು

1979ರ ಜೂನ್ 11. ಆಸ್ಟ್ರೇಲಿಯದ ಪಶ್ಚಿಮ ತುದಿಯ ರಾಯಲ್ ಪರ್ತ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ತನ್ನ 42ನೆಯ ಹುಟ್ಟುಹಬ್ಬದಂದು ಜಠರದ ಚೂರೊಂದರಲ್ಲಿ ಬಾಗಿದ ಸಣ್ಣ ಕಡ್ಡಿಗಳಂಥ ಜೀವಿಗಳನ್ನು ಕಂಡ. ಬೆಳ್ಳಿಯ ವರ್ಣಕ ಹಾಕಿದಾಗ ಅವು ಸ್ಪಷ್ಟವಾದವು. ಜಠರದ ಉರಿಯೂತ ಇದ್ದೆಡೆಯಲ್ಲೆಲ್ಲ ಇವು ಇದ್ದವು. 1981ರಲ್ಲಿ ತರುಣ ವೈದ್ಯ ಬ್ಯಾರಿ ಮಾರ್ಷಲ್ ಇವನ ಜೊತೆಗೂಡಿದ. ಮರುವರ್ಷ ನೂರು ರೋಗಿಗಳ ಅಧ್ಯಯನ ಶುರುವಾಯಿತು. ಚೂರುಗಳನ್ನು ಎರಡು ದಿನ ಇಟ್ಟು ಏನೂ ಬೆಳೆಯದಿದ್ದರೆ ಎಸೆಯುವುದು ಪ್ರಯೋಗಾಲಯದ ರೂಢಿ. 1982ರ ಏಪ್ರಿಲ್‌ನಲ್ಲಿ ಈಸ್ಟರ್ ರಜೆ ಬಂದುದರಿಂದ 35ನೆಯ ರೋಗಿಯ ತಟ್ಟೆ ಐದು ದಿನ ಹಾಗೆಯೇ ಉಳಿಯಿತು. ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯ ಬೆಳೆದಿತ್ತು.

1983ರಲ್ಲಿ ಆಸ್ಟ್ರೇಲಿಯದ ಜಠರ ತಜ್ಞರ ಸಂಘದ ಸಮ್ಮೇಳನಕ್ಕೆ ಬಂದ 67 ಪ್ರಬಂಧಗಳಲ್ಲಿ 56 ಸ್ವೀಕೃತವಾದವು. ಮಾರ್ಷಲ್‌ನದು ತಿರಸ್ಕೃತವಾದ ಹನ್ನೊಂದರಲ್ಲಿ ಒಂದು. 1984ರಲ್ಲಿ ಆತ ಬ್ಯಾಕ್ಟೀರಿಯದ ದ್ರಾವಣವನ್ನು ತಾನೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು, ಅದನ್ನು ಮರುವರ್ಷ ಪ್ರಕಟಿಸಿದ ಕತೆ ನಿಮ್ಮಲ್ಲಿ ಹಲವರು ಓದಿರಬಹುದು. 1989ರಲ್ಲಿ ಈ ಜೀವಿಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಹೆಸರಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು.

ಈ ಬ್ಯಾಕ್ಟೀರಿಯ ಆಮ್ಲದಲ್ಲಿ ಬದುಕುವ ಗುಟ್ಟೇ ಯೂರಿಯೇಸ್. ಅದು ತನ್ನ ಸುತ್ತಲಿನ ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತದೆ. ಅಮೋನಿಯ ಪ್ರತ್ಯಾಮ್ಲ. ಆದ್ದರಿಂದ ಜೀವಿಯ ಸುತ್ತ ಆಮ್ಲ ತಟಸ್ಥಗೊಂಡ ಒಂದು ಕವಚ ಏರ್ಪಡುತ್ತದೆ. ಅದನ್ನು ಕಾಯುವ ಆಯುಧವೇ ಅದನ್ನು ಹಿಡಿದುಕೊಡುವ ಸುಳಿವೂ ಹೌದು.

ಹಳದಿಯಿಂದ ಕೆಂಪಿಗೆ

ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುವುದನ್ನು ನೀವು ನೋಡಿದ್ದೀರಿ. ಪ್ರತ್ಯಾಮ್ಲ ತಗುಲಿದೊಡನೆ ಹಳದಿ ಕೆಂಪಾಗುತ್ತದೆ. ಜಠರದ ಸೋಂಕಿನ ಮೊದಲ ಶೀಘ್ರ ಪರೀಕ್ಷೆಯ ತತ್ವ ಇದಕ್ಕಿಂತ ಜಟಿಲವಲ್ಲ. ಅರಿಶಿನದ ಜಾಗದಲ್ಲಿ ಫೀನಾಲ್ ರೆಡ್ ಎಂಬ ಸೂಚಕ. ಅದು ಪಿಎಚ್ 6.8ರ ಕೆಳಗೆ ಹಳದಿ, 8.2ರ ಮೇಲೆ ಕೆಂಪು. ಯೂರಿಯ ಮತ್ತು ಈ ಸೂಚಕ ಬೆರೆತ ಲೋಳೆಯಲ್ಲಿ ಎಂಡೋಸ್ಕೋಪಿನಿಂದ ತೆಗೆದ ಜಠರದ ಚೂರನ್ನು ಇಡಬೇಕು. ಬ್ಯಾಕ್ಟೀರಿಯ ಇದ್ದರೆ ಅಮೋನಿಯ ಬಂದು ಬಣ್ಣ ತಿರುಗುತ್ತದೆ.

1985ರಲ್ಲಿ ಇಂಗ್ಲೆಂಡಿನ ಮೆಕ್‌ನಲ್ಟಿ ಮತ್ತು ವೈಸ್ ಯೂರಿಯ ದ್ರಾವಣ ಬಳಸಿ ಇಂಥ ಪರೀಕ್ಷೆಯನ್ನು ಪ್ರಕಟಿಸಿದರು. 1987ರಲ್ಲಿ ಮಾರ್ಷಲ್ ಮತ್ತು ಜೊತೆಗಾರರು ‘ಕ್ಲೋ ಟೆಸ್ಟ್’ ಎಂಬ ಪುಟ್ಟ ಲೋಳೆ ತಟ್ಟೆಯ ವಿವರ ಕೊಟ್ಟರು. ಅದನ್ನು ತಯಾರಿಸಿದ್ದು ಪಶ್ಚಿಮ ಆಸ್ಟ್ರೇಲಿಯದ ಡೆಲ್ಟಾ ವೆಸ್ಟ್ ಎಂಬ ಸಂಸ್ಥೆ. ಬ್ಯಾಕ್ಟೀರಿಯ ಬೆಳೆಸಿ ನೋಡಲು ದಿನಗಳೇ ಬೇಕಾಗಿದ್ದ ಕಡೆ, ಹೆಚ್ಚಿನ ರೋಗಿಗಳ ಉತ್ತರ ಕೆಲವು ಗಂಟೆಗಳಲ್ಲಿ ದೊರೆಯಿತು. ಇಲ್ಲವೆಂದು ಹೇಳಬೇಕಾದರೆ ಮಾತ್ರ 24 ಗಂಟೆ ಕಾಯಬೇಕು.

ಇದರಲ್ಲಿನ ಸಾಮಗ್ರಿಗಳನ್ನು ಗಮನಿಸಿ: ಯೂರಿಯ, ಸೂಚಕ, ಲೋಳೆ. ಒಂದೂ ದುಬಾರಿಯಲ್ಲ. ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳು ಇದನ್ನು ತಾವೇ ತಯಾರಿಸಿಕೊಂಡು ಬಳಸಿವೆ. ಹೂಡಿಕೆದಾರನ ಕಣ್ಣಿನಲ್ಲಿ ಇದೇ ಅದರ ದೋಷ! ಯಾರು ಬೇಕಾದರೂ ಮಾಡಬಹುದಾದ ವಸ್ತುವಿನಲ್ಲಿ ಲಾಭದ ಅಂಶ ಬಲುಬೇಗ ಕರಗುತ್ತದೆ.

ಹಣ ಏಕೆ ತಡವಾಗಿ ಬಂತು?

ಇನ್ನೂ ದೊಡ್ಡ ಕಾರಣ ಬೇರೆಯಿತ್ತು. ಸಿಮೆಟಿಡಿನ್ ಎಂಬ ಆಮ್ಲ ತಡೆಯುವ ಔಷಧಿ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಅದರ ಹಿಂದಿನ ಸಂಶೋಧನೆಗಾಗಿ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಬಹುಮಾನ ಪಡೆದ. ಅದು ಒಳ್ಳೆಯ ಔಷಧಿಯೇ. ಹುಣ್ಣು ಮಾಯುತ್ತಿತ್ತು, ಶಸ್ತ್ರಚಿಕಿತ್ಸೆ ತಪ್ಪುತ್ತಿತ್ತು. ಆದರೆ ಔಷಧಿ ನಿಲ್ಲಿಸಿದ ವರ್ಷದೊಳಗೆ ಬಹುಪಾಲು ರೋಗಿಗಳಿಗೆ ಹುಣ್ಣು ಮರುಕಳಿಸುತ್ತಿತ್ತು. ಆದ್ದರಿಂದ ಮಾತ್ರೆಯನ್ನು ವರ್ಷಾನುಗಟ್ಟಲೆ ನುಂಗಬೇಕು. ಸಿಮೆಟಿಡಿನ್ ಮತ್ತು 1981ರಲ್ಲಿ ಬಂದ ರಾನಿಟಿಡಿನ್ ವರ್ಷಕ್ಕೆ 100 ಕೋಟಿ ಡಾಲರ್ ಮೀರಿ ಮಾರಾಟವಾದ ಮೊದಲ ಔಷಧಿಗಳ ಸಾಲಿಗೆ ಸೇರಿದವು.

ಈಗ ಹೂಡಿಕೆದಾರನ ಜಾಗದಲ್ಲಿ ಕುಳಿತು ಯೋಚಿಸಿ. ಎರಡು ವಾರದ ಆ್ಯಂಟಿಬಯೋಟಿಕ್ ಹುಣ್ಣನ್ನು ಬೇರುಸಹಿತ ಕಿತ್ತರೆ ರೋಗಿ ಮತ್ತೆ ಅಂಗಡಿಗೆ ಬರುವುದಿಲ್ಲ. ಪರೀಕ್ಷೆಯಂತೂ ಒಬ್ಬನಿಗೆ ಒಂದು ಬಾರಿ, ಹೆಚ್ಚೆಂದರೆ ಎರಡು ಬಾರಿ. ಇದಕ್ಕೆ ಹಣ ಹೂಡುವವರು ಯಾರು? ಇದರಲ್ಲಿ ಯಾರದೋ ಒಳಸಂಚು ಹುಡುಕಬೇಕಾಗಿಲ್ಲ. ತಕ್ಕಡಿ ಒಂದು ಕಡೆಗೆ ವಾಲಿತ್ತು, ಅಷ್ಟೆ.

ತಕ್ಕಡಿ ಮೇಲೆದ್ದದ್ದು 1994ರಲ್ಲಿ. ಆ ವರ್ಷ ಮೂರು ಸಂಗತಿಗಳು ಕೂಡಿಬಂದವು. ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಹುಣ್ಣು ಮತ್ತು ಈ ಬ್ಯಾಕ್ಟೀರಿಯ ಎರಡೂ ಇರುವ ರೋಗಿಗೆ ಆ್ಯಂಟಿಬಯೋಟಿಕ್ ಕೊಡಬೇಕೆಂದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಬ್ಯಾಕ್ಟೀರಿಯವನ್ನು ಜಠರದ ಕ್ಯಾನ್ಸರಿಗೆ ನಿಶ್ಚಿತ ಕಾರಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅಮೆರಿಕದಲ್ಲಿ ಸಿಮೆಟಿಡಿನ್‌ನ ಪೇಟೆಂಟ್ ಮುಗಿಯಿತು. ಹಳೆಯ ಗಣಿ ಬರಿದಾಗತೊಡಗಿತ್ತು. ಬ್ಯಾಕ್ಟೀರಿಯ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಈಗ ವೈದ್ಯನ ತೀರ್ಮಾನವನ್ನು ಬದಲಿಸುವ ಶಕ್ತಿ ಬಂತು. ಉತ್ತರಕ್ಕೆ ವಿಮಾ ಕಂಪನಿ ಹಣ ಕೊಡುವಂತಾಯಿತು. ಹೂಡಿಕೆದಾರರು ಬಂದದ್ದು ಆಗ.

ಭಾರವಾದ ಇಂಗಾಲ

ಬಣ್ಣದ ಪರೀಕ್ಷೆಗೆ ಎಂಡೋಸ್ಕೋಪ್ ಬೇಕೇ ಬೇಕು. ಅದಿಲ್ಲದೆ ತಿಳಿಯುವುದು ಹೇಗೆ? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಅಮೋನಿಯವನ್ನು ಬಿಟ್ಟು ಎರಡನೆಯ ಉತ್ಪನ್ನವಾದ ಕಾರ್ಬನ್ ಡೈಆಕ್ಸೈಡನ್ನು ಹಿಂಬಾಲಿಸಬೇಕು. ಅದು ರಕ್ತಕ್ಕೆ ಸೇರಿ, ಶ್ವಾಸಕೋಶ ತಲಪಿ, ಉಸಿರಿನಲ್ಲಿ ಹೊರಬರುತ್ತದೆ. ಆದರೆ ಉಸಿರಿನಲ್ಲಿ ಆ ಅನಿಲ ಹೇಗೂ ಇರುತ್ತದೆ. ಯೂರಿಯದಿಂದ ಬಂದದ್ದನ್ನು ಬೇರೆಯಾಗಿ ಗುರುತಿಸಲು ಅದಕ್ಕೊಂದು ಮುದ್ರೆ ಒತ್ತಬೇಕು. ಆ ಮುದ್ರೆಯೇ ಸಮಸ್ಥಾನಿ.

ಸಹಜ ಇಂಗಾಲದಲ್ಲಿ ಸುಮಾರು 1.1 ಶೇಕಡ ಕಾರ್ಬನ್-13. ಅದು ಸ್ಥಿರ, ವಿಕಿರಣ ಸೂಸುವುದಿಲ್ಲ. ಕಾರ್ಬನ್-13ರಿಂದಲೇ ಮಾಡಿದ ಯೂರಿಯವನ್ನು ಕುಡಿಸಿದರೆ, ಸೋಂಕಿರುವವರ ಉಸಿರಿನಲ್ಲಿ ಈ ಪ್ರಮಾಣ ತುಸು ಏರುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಡೇವಿಡ್ ಗ್ರಹಾಂ, ಪೀಟರ್ ಕ್ಲೈನ್ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಪ್ರಕಟಿಸಿದರು. ಮೊದಮೊದಲು ಏರಿಕೆಯನ್ನು ಅಳೆಯಲು ದೊಡ್ಡ ರಾಶಿ ರೋಹಿತಮಾಪಕ ಬೇಕಿತ್ತು, ಉಸಿರಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಬೇಕಿತ್ತು. ಮುಂದೆ ಅವಕೆಂಪು ಕಿರಣದ ಸಣ್ಣ ಯಂತ್ರಗಳು ಬಂದವು. ಭಾರವಾದ ಗುಂಡು ತೂಗಿದ ಸ್ಪ್ರಿಂಗ್ ನಿಧಾನವಾಗಿ ಕಂಪಿಸುತ್ತದೆ ಎಂಬುದು ನಿಮಗೆ ಗೊತ್ತಿದೆ. ಹಾಗೆಯೇ ಕಾರ್ಬನ್-13 ಇರುವ ಅಣುವಿನ ಕಂಪನವೂ ನಿಧಾನ. ಸಾಮಾನ್ಯ ಕಾರ್ಬನ್ ಡೈಆಕ್ಸೈಡ್ 4.26 ಮೈಕ್ರೊಮೀಟರ್ ಅಲೆಯುದ್ದದ ಬಳಿ ಕಿರಣವನ್ನು ಹೀರಿದರೆ, ಭಾರದ್ದು 4.38ರ ಬಳಿ ಹೀರುತ್ತದೆ. ಎರಡು ಹೀರಿಕೆಗಳ ಅನುಪಾತವೇ ಉತ್ತರ.

ಕಾರ್ಬನ್-14 ಇನ್ನೊಂದು ದಾರಿ. ಮಾರ್ಷಲ್ ಅಭಿವೃದ್ಧಿಪಡಿಸಿದ ಈ ಪರೀಕ್ಷೆಯಲ್ಲಿ ಕೇವಲ 1 ಮೈಕ್ರೊಕ್ಯೂರಿ ವಿಕಿರಣಪಟುತ್ವದ ಗುಳಿಗೆ ಸಾಕು. ಅದರಿಂದ ದೇಹಕ್ಕೆ ತಗಲುವ ವಿಕಿರಣ, ಪ್ರಕೃತಿಯಿಂದ ನಮಗೆ ಸುಮಾರು ಒಂದು ದಿನದಲ್ಲಿ ಬರುವುದಕ್ಕಿಂತ ಹೆಚ್ಚಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 1996ರಲ್ಲಿ ಮೆರಟೆಕ್ ಕಂಪನಿಯ ಕಾರ್ಬನ್-13 ಪರೀಕ್ಷೆಗೆ, 1997ರಲ್ಲಿ ಕಾರ್ಬನ್-14 ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. 1998ರಲ್ಲಿ ಮೆರಿಡಿಯನ್‌ನ ಮಲಪರೀಕ್ಷೆಯೂ ಬಂತು. ಅದು ಮಲದಲ್ಲಿರುವ ಬ್ಯಾಕ್ಟೀರಿಯದ ಪ್ರೋಟೀನನ್ನು ಪ್ರತಿಕಾಯಗಳಿಂದ ಹಿಡಿಯುತ್ತದೆ.

ಸುಲಭದ ಪಟ್ಟಿ, ತಪ್ಪು ಪ್ರಶ್ನೆ

ಆದರೆ ಮಾರುಕಟ್ಟೆಯಲ್ಲಿ ಮೊದಲು ಹರಡಿದವು ಇವಲ್ಲ, ರಕ್ತದ ಶೀಘ್ರ ಪಟ್ಟಿಗಳು. ಮನೆಯಲ್ಲೇ ಗರ್ಭ ಪರೀಕ್ಷಿಸುವ ಒಂದೇ ಹಂತದ ಪಟ್ಟಿ 1988ರಲ್ಲಿ ಬಂದ ಮೇಲೆ, ಹೀರುಕಾಗದದ ಮೇಲೆ ದ್ರವ ಹರಿದು ಗೆರೆ ಮೂಡುವ ತಂತ್ರ ಎಲ್ಲ ರೋಗಗಳಿಗೂ ಹರಡತೊಡಗಿತು. ಬೆರಳ ತುದಿಯ ಹನಿ ರಕ್ತ ಅಥವಾ ಸೀರಂ, ಕೆಲವೇ ನಿಮಿಷ, ವೈದ್ಯರ ಮೇಜಿನ ಮೇಲೆಯೇ ಉತ್ತರ. ಕ್ವಿಡೆಲ್ ಕಂಪನಿಯ ಕ್ವಿಕ್‌ವ್ಯೂ, ಸ್ಮಿತ್‌ಕ್ಲೈನ್ ಡಯಾಗ್ನಾಸ್ಟಿಕ್ಸ್‌ನ ಫ್ಲೆಕ್ಸ್‌ಶೂರ್ ಇಂಥವು. ಎರಡನೆಯದು ಸಿಮೆಟಿಡಿನ್ ಮಾರುತ್ತಿದ್ದ ಸಂಸ್ಥೆಯ ಬಳಗದ್ದೇ ಎಂಬುದನ್ನು ಗಮನಿಸಿ. ಗಾಳಿ ಬೀಸುವ ದಿಕ್ಕು ಬದಲಾದುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈ ಪಟ್ಟಿಗಳು ಹುಡುಕುವುದು ಬ್ಯಾಕ್ಟೀರಿಯವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು. ಬ್ಯಾಕ್ಟೀರಿಯ ಸತ್ತ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಕಳ್ಳ ಊರು ಬಿಟ್ಟ ಮೇಲೂ ಅವನ ಹೆಜ್ಜೆಗುರುತು ಉಳಿದಂತೆ. ಹಾಗಾಗಿ ‘ಈಗ ಸೋಂಕಿದೆಯೇ?’ ಎಂಬ ಪ್ರಶ್ನೆಗೆ ಪಟ್ಟಿ ‘ಎಂದೋ ಇತ್ತು’ ಎಂಬ ಉತ್ತರ ಕೊಡುತ್ತದೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಅದು ಪ್ರಯೋಜನಕ್ಕೇ ಬಾರದು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡಿ. ಸೋಂಕಿರುವ ನೂರು ಜನರಲ್ಲಿ 90 ಮಂದಿಯನ್ನು ಸರಿಯಾಗಿ ಹಿಡಿಯುವ, ಸೋಂಕಿಲ್ಲದ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಬಿಡುವ ಪರೀಕ್ಷೆ ಇದೆಯೆಂದು ಊಹಿಸೋಣ. ಕೇಳಲು ಚೆನ್ನಾಗಿಯೇ ಇದೆ. ನೂರರಲ್ಲಿ 10 ಮಂದಿಗೆ ಮಾತ್ರ ಸೋಂಕಿರುವ ಊರಿನಲ್ಲಿ ಅದು 9 ಸೋಂಕಿತರನ್ನು ಹಿಡಿಯುತ್ತದೆ. ಉಳಿದ 90 ಆರೋಗ್ಯವಂತರಲ್ಲಿಯೂ 9 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಅಂದರೆ ‘ಸೋಂಕಿದೆ’ ಎಂದ 18 ಉತ್ತರಗಳಲ್ಲಿ ಅರ್ಧ ಸುಳ್ಳು! ಆ ಒಂಬತ್ತು ಮಂದಿ ಬೇಡದ ಆ್ಯಂಟಿಬಯೋಟಿಕ್ ನುಂಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಸೋಂಕು ಇಳಿಯುತ್ತ ಹೋದಂತೆ ಪಟ್ಟಿಯ ಮಾತು ಹೀಗೆ ಹೆಚ್ಚು ಹೆಚ್ಚು ಸುಳ್ಳಾಯಿತು. ಪ್ರತಿಕಾಯ ಪರೀಕ್ಷೆಯನ್ನು ಕೇಳಬೇಡಿ, ಉಸಿರು ಅಥವಾ ಮಲಪರೀಕ್ಷೆಯನ್ನೇ ಮಾಡಿಸಿ ಎಂದು ಅಮೆರಿಕದ ಚಿಕಿತ್ಸಾ ರೋಗಶಾಸ್ತ್ರ ಸಂಘ 2016ರಲ್ಲಿ ವೈದ್ಯರಿಗೆ ಸಲಹೆಯಿತ್ತಿತು. ಅಷ್ಟು ಹೊತ್ತಿಗೆ ಪಟ್ಟಿಗಳು ಬಂದು ಎರಡು ದಶಕ ಕಳೆದಿತ್ತು.

ಕೈಯಿಂದ ಕೈಗೆ

ಮುಂದಿನದು ಕಂಪನಿಗಳು ಕೈಬದಲಾದ ಕತೆ. ಮೆರಟೆಕ್ ಜಪಾನಿನ ಒಟ್ಸುಕ ಸಮೂಹಕ್ಕೆ ಸೇರಿತು. ಇಸ್ರೇಲಿನ ಎಕ್ಸಲೆಂಝ್ ಎಂಬ ಸಂಸ್ಥೆ ರೋಗಿಯ ಪಕ್ಕದಲ್ಲೇ ಇಟ್ಟು ಉಸಿರನ್ನು ಅಳೆಯುವ ಯಂತ್ರ ಮಾಡಿತ್ತು. ಮೆರಿಡಿಯನ್ ಅದನ್ನು 2020ರಲ್ಲಿ ಸುಮಾರು 4.9 ಕೋಟಿ ಡಾಲರಿಗೆ ಕೊಂಡಿತು. 2021ರಲ್ಲಿ ಒಟ್ಸುಕದ ಉಸಿರು ಪರೀಕ್ಷೆಯನ್ನೂ ಸುಮಾರು 2 ಕೋಟಿ ಡಾಲರಿಗೆ ಕೊಂಡಿತು. ಹೀಗೆ ಮಲಪರೀಕ್ಷೆಯೂ ಎರಡು ಉಸಿರು ಪರೀಕ್ಷೆಗಳೂ ಒಂದೇ ಸೂರಿನಡಿ ಬಂದವು. ಬಳಿಕ ಆ ಸೂರೇ ಮಾರಾಟವಾದದ್ದನ್ನು ಆರಂಭದಲ್ಲಿ ಹೇಳಿದ್ದೇನೆ. 153 ಕೋಟಿ ಡಾಲರ್ ಹೊಟ್ಟೆಯ ಪರೀಕ್ಷೆಗಳೊಂದರ ಬೆಲೆಯಲ್ಲ. ಆ ಕಂಪನಿಗೆ ಬೇರೆ ವ್ಯಾಪಾರಗಳೂ ಇದ್ದವು. ಆದರೂ ಸೆಳೆತದಲ್ಲಿ ಇವುಗಳ ಪಾಲು ಸಣ್ಣದಲ್ಲ. ಯಂತ್ರವನ್ನು ಒಮ್ಮೆ ಆಸ್ಪತ್ರೆಯಲ್ಲಿ ಇರಿಸಿದರೆ ಪ್ರತಿ ರೋಗಿಗೂ ಹೊಸ ಚೀಲ, ಹೊಸ ಯೂರಿಯ ಮಾರಬಹುದು. ಒಬ್ಬ ರೋಗಿ ಮರಳದಿದ್ದರೇನು, ಆಸ್ಪತ್ರೆ ಮರಳುತ್ತದೆ.

ಪೂರ್ವ ಏಷ್ಯದ ಕತೆ ಇನ್ನೂ ದೊಡ್ಡದು. ಅಲ್ಲಿ ಜಠರದ ಕ್ಯಾನ್ಸರ್ ಹೆಚ್ಚು. ಜಪಾನ್ 2013ರಲ್ಲಿ ಈ ಬ್ಯಾಕ್ಟೀರಿಯದಿಂದಾದ ಜಠರದ ಉರಿಯೂತಕ್ಕೂ ಚಿಕಿತ್ಸೆಯನ್ನು ರಾಷ್ಟ್ರೀಯ ವಿಮೆಗೆ ಸೇರಿಸಿತು. ಚೀನದ ಪರಮಾಣು ನಿಗಮದ ಅಂಗಸಂಸ್ಥೆಯಾದ ಚೀನ ಐಸೊಟೋಪ್ ಅಂಡ್ ರೇಡಿಯೇಷನ್ ಕಾರ್ಪೊರೇಷನ್ 2018ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಕಾಲಿಟ್ಟಾಗ ಅದರ ಪ್ರಮುಖ ಆದಾಯ ಮೂಲಗಳಲ್ಲಿ ಒಂದು ಯೂರಿಯ ಉಸಿರು ಪರೀಕ್ಷೆ. 2024ರಲ್ಲಿ ಚೀನ ತನ್ನ ಚಿನ್‌ಶಾನ್ ವಿದ್ಯುತ್ ಸ್ಥಾವರದ ರಿಯಾಕ್ಟರಿನಲ್ಲೇ ಕಾರ್ಬನ್-14ನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಸಾರಜನಕದ ಬೀಜಕ್ಕೆ ನ್ಯೂಟ್ರಾನ್ ಬಡಿದು ಪ್ರೋಟಾನ್ ಹೊರಬಿದ್ದರೆ ಕಾರ್ಬನ್-14 ಉಳಿಯುತ್ತದೆ. ಬೆಕ್ಕಿನ ಉಸಿರಿನಿಂದ ಹೊರಟ ಪ್ರಯೋಗ ಪರಮಾಣು ಉದ್ಯಮದ ಲೆಕ್ಕಪುಸ್ತಕಕ್ಕೆ ಬಂದು ಸೇರಿತು.

ನಮ್ಮ ಲೆಕ್ಕ ಬೇರೆ

ಇನ್ನು ನಮ್ಮ ದೇಶದ ಮಾತು. ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಜಠರದಲ್ಲಿ ಈ ಬ್ಯಾಕ್ಟೀರಿಯ ಇದೆ. ಹೂಡಿಕೆದಾರನಿಗೆ ಇದು ಕೋಟಿ ಕೋಟಿ ಗ್ರಾಹಕರ ಮಾರುಕಟ್ಟೆಯಾಗಿ ಕಾಣುತ್ತದೆ. ಆದರೆ ನಮ್ಮ ಊಹೆಯ ಪರೀಕ್ಷೆಯನ್ನು ನೂರಕ್ಕೆ 60 ಮಂದಿ ಸೋಂಕಿತರಿರುವ ಊರಿಗೆ ತನ್ನಿ. ‘ಇದೆ’ ಎಂದ 58 ಉತ್ತರಗಳಲ್ಲಿ 54 ನಿಜ. ಪರೀಕ್ಷೆ ಈಗ ನಂಬಲರ್ಹವಾಗಿ ಕಾಣುತ್ತದೆ. ಅಪಾಯವಿರುವುದು ಇಲ್ಲಿಯೇ. ಉತ್ತರ ನಿಜ, ಆದರೆ ಅದು ಹೇಳುವುದು ಬಹಳ ಕಡಿಮೆ. ಸೋಂಕಿರುವವರಲ್ಲಿ ಹುಣ್ಣಾಗುವುದು ನೂರಕ್ಕೆ ಸುಮಾರು 10ರಿಂದ 15 ಮಂದಿಗೆ ಮಾತ್ರ. ಇಷ್ಟು ಸೋಂಕಿದ್ದರೂ ಮಿಜೋರಂನಂಥ ಕೆಲವು ಪ್ರದೇಶಗಳನ್ನು ಬಿಟ್ಟರೆ ಭಾರತದಲ್ಲಿ ಜಠರದ ಕ್ಯಾನ್ಸರ್ ಕಡಿಮೆ. ತಜ್ಞರು ಇದನ್ನು ಭಾರತದ ಒಗಟು ಎಂದೇ ಕರೆಯುತ್ತಾರೆ. ನಿಮ್ಮ ಹೊಟ್ಟೆಯಲ್ಲಿ ಬ್ಯಾಕ್ಟೀರಿಯ ಇದೆ ಎಂಬುದು ನಿಮ್ಮ ನೋವಿಗೆ ಅದೇ ಕಾರಣ ಎಂಬುದಕ್ಕೆ ಪುರಾವೆಯಲ್ಲ.

‘ಇದೆ’ ಎಂದವರಿಗೆಲ್ಲ ಎರಡು ಮೂರು ಆ್ಯಂಟಿಬಯೋಟಿಕ್ ಕೊಡುತ್ತ ಹೋದರೆ ಏನಾಗುತ್ತದೆ? ಬ್ಯಾಕ್ಟೀರಿಯಗಳು ಔಷಧಿಗೆ ಜಗ್ಗದಂತಾಗುತ್ತವೆ. ನಮ್ಮಲ್ಲಿ ಮೆಟ್ರೊನಿಡಜೋಲ್ ಔಷಧಿಗೆ ಈ ಬ್ಯಾಕ್ಟೀರಿಯದ ಪ್ರತಿರೋಧ ಈಗಾಗಲೇ ಹೆಚ್ಚು. ಕ್ಲಾರಿಥ್ರೊಮೈಸಿನ್‌ಗೆ ಜಗ್ಗದ ಹೆಲಿಕೊಬ್ಯಾಕ್ಟರನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧಿಗಳು ತುರ್ತಾಗಿ ಬೇಕಾದ ರೋಗಾಣುಗಳ ಪಟ್ಟಿಯಲ್ಲಿ ಹೆಸರಿಸಿತ್ತು. ನಿಜವಾಗಿ ಹುಣ್ಣಾದವನಿಗೆ ಔಷಧಿ ಬೇಕಾದ ದಿನ ಅದು ಕೆಲಸ ಮಾಡದಿರಬಹುದು.

ಹಾಗೆಂದು ಪರೀಕ್ಷೆ ಬೇಡವೆಂದಲ್ಲ. ಹುಣ್ಣಾದವರಿಗೆ, ರಕ್ತಸ್ರಾವವಾದವರಿಗೆ, ಮನೆತನದಲ್ಲಿ ಜಠರದ ಕ್ಯಾನ್ಸರ್ ಇರುವವರಿಗೆ ಅದು ಜೀವ ಉಳಿಸುವ ಸಾಧನ. ಅದು ಅಗ್ಗವಾಗಿ ದೊರೆಯಬೇಕು. ಕೋಲ್ಕತ್ತಾದ ಸತ್ಯೇಂದ್ರನಾಥ ಬೋಸ್ ರಾಷ್ಟ್ರೀಯ ಮೂಲವಿಜ್ಞಾನ ಕೇಂದ್ರದಲ್ಲಿ ಮಾಣಿಕ್ ಪ್ರಧಾನ್ ಅವರ ತಂಡ ಉಸಿರಿನಲ್ಲಿಯ ಸಮಸ್ಥಾನಿಗಳನ್ನು ಲೇಸರ್ ರೋಹಿತ ತಂತ್ರದಿಂದ ಅಳೆದು ಈ ಸೋಂಕನ್ನು ಗುರುತಿಸುವ ಕೆಲಸ ಮಾಡಿದೆ. ಎರಡು ಕನ್ನಡಿಗಳ ನಡುವೆ ಬೆಳಕು ಸಾವಿರಾರು ಬಾರಿ ಓಡಾಡಿ ಕುಂದುವ ವೇಗದಿಂದ ಅನಿಲದ ಪ್ರಮಾಣ ತಿಳಿಯುವ ಸೊಗಸಾದ ವಿಧಾನವದು. ಇಂಥ ಕೆಲಸಕ್ಕೆ ನಮ್ಮ ಹೂಡಿಕೆದಾರರು ಮುಂದೆ ಬಂದರೆ ಸಂತೋಷ.

ನಿಮಗೆ ಯಾರಾದರೂ ಹೊಟ್ಟೆಯ ಸೋಂಕಿನ ಶೀಘ್ರ ಪರೀಕ್ಷೆ ಸೂಚಿಸಿದರೆ ನಾಲ್ಕು ಪ್ರಶ್ನೆ ಕೇಳಿ. ಇದು ಈಗಿನ ಸೋಂಕನ್ನು ತೋರಿಸುತ್ತದೆಯೇ, ಅಥವಾ ಹಳೆಯ ಪ್ರತಿಕಾಯವನ್ನೇ? ಉತ್ತರ ಏನೇ ಬಂದರೂ ಚಿಕಿತ್ಸೆ ಒಂದೇ ಆಗಿದ್ದರೆ ಪರೀಕ್ಷೆ ಯಾಕೆ? ಒಮೆಪ್ರಜೋಲ್ ಬಗೆಯ ಆಮ್ಲನಿರೋಧಕ ಮಾತ್ರೆಗಳನ್ನು ಎರಡು ವಾರ ಮೊದಲು, ಆ್ಯಂಟಿಬಯೋಟಿಕ್‌ಗಳನ್ನು ನಾಲ್ಕು ವಾರ ಮೊದಲು ನಿಲ್ಲಿಸಬೇಕಲ್ಲವೇ? (ಇಲ್ಲವಾದರೆ ಉಸಿರು ಪರೀಕ್ಷೆ ಇರುವ ಸೋಂಕನ್ನೂ ಇಲ್ಲವೆನ್ನಬಹುದು. ಆದರೆ ವೈದ್ಯರನ್ನು ಕೇಳದೆ ಯಾವ ಔಷಧಿಯನ್ನೂ ನಿಲ್ಲಿಸಬೇಡಿ.) ಚಿಕಿತ್ಸೆ ಮುಗಿದ ನಾಲ್ಕು ವಾರಗಳ ನಂತರ ಸೋಂಕು ಹೋಯಿತೆಂದು ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಪರೀಕ್ಷೆ ಮಾಡುವಿರಾ?

ಶಾಲೆಯ ಮೇಷ್ಟರುಗಳಿಗೆ ಒಂದು ಸೂಚನೆ. ಹುರಿಯದ ಸೋಯಾ ಕಾಳಿನ ಹಿಟ್ಟಿನಲ್ಲಿ ಯೂರಿಯೇಸ್ ಇದೆ. ಅರಿಶಿನ ಬೆರೆಸಿದ ಯೂರಿಯದ ನೀರಿಗೆ ಒಂದು ಚಮಚ ಹಿಟ್ಟು ಹಾಕಿ ಮುಚ್ಚಿಟ್ಟು ಕಾಯಿರಿ. ಹಳದಿ ಮೆಲ್ಲಗೆ ಕೆಂಪಿಗೆ ತಿರುಗುತ್ತದೆ, ಅಮೋನಿಯದ ಘಾಟೂ ಬರಬಹುದು. ಪಕ್ಕದಲ್ಲಿ, ಚೆನ್ನಾಗಿ ಬೇಯಿಸಿದ ಹಿಟ್ಟು ಹಾಕಿದ ಇನ್ನೊಂದು ಲೋಟವನ್ನೂ ಇಡಿ. ಅದು ಹಳದಿಯಾಗಿಯೇ ಉಳಿಯಬೇಕು. ಏಕೆಂದು ಮಕ್ಕಳೇ ಹೇಳಲಿ.